ಸಾಲಕ್ಕೆ ಮಿತಿ ಇರಲಿ, ಕಾಲುವೆಗೆ ಗಡುವೂ ಇರಲಿ

ಪ್ರತಿ ವರ್ಷ ರಾಜ್ಯದ ಆಯವ್ಯಯ ಮಂಡನೆಯಾದ ಮರುದಿನವೇ ಸರ್ಕಾರದ ಸಾಲದ ಮಾತು ಏಳುತ್ತದೆ. ವಿರೋಧ ಪಕ್ಷದವರು ರಾಜ್ಯ ದಿವಾಳಿಯಾಯಿತೆನ್ನುತ್ತಾರೆ. ಆಡಳಿತ ಪಕ್ಷದವರು ಎಲ್ಲವೂ ಕಾನೂನಿನ ಮಿತಿಯೊಳಗಿದೆಯೆನ್ನುತ್ತಾರೆ. ಚುನಾವಣೆಯಾಗಿ ಪಕ್ಷಗಳು ಜಾಗ ಬದಲಾಯಿಸಿಕೊಂಡರೆ ಮಾತುಗಳೂ ಜಾಗ ಬದಲಾಯಿಸಿಕೊಳ್ಳುತ್ತವೆ. ಈ ಗದ್ದಲದಲ್ಲಿ ಬೆಳೆಗಾರನು ಕೇಳಬೇಕಾದ ಪ್ರಶ್ನೆಯೇ ಮರೆಯಾಗುತ್ತದೆ. ಸಾಲ ಎಷ್ಟು ಎಂಬುದರ ಜೊತೆಗೆ, ಆ ಹಣದಿಂದ ಏನಾಯಿತು, ಅದರ ಫಲ ಯಾವಾಗ ಕೈಗೆ ಬರುತ್ತದೆ ಎಂಬುದೂ ಲೆಕ್ಕಕ್ಕೆ ಬರಬೇಕಲ್ಲವೇ?

ಸಾಲವೆಂಬುದು ನಮ್ಮ ಸದಸ್ಯರಿಗೆ ಹೊಸ ವಿಷಯವಲ್ಲ. ಸೊಸೈಟಿಯಲ್ಲಿ ಬೆಳೆ ಸಾಲದ ಖಾತೆ ಬೇರೆ, ದೀರ್ಘಾವಧಿ ಸಾಲದ ಖಾತೆ ಬೇರೆ. ಗೊಬ್ಬರಕ್ಕೆ, ಬೋರ್ಡೋ ದ್ರಾವಣಕ್ಕೆ, ಕೊಯ್ಲಿನ ಕೂಲಿಗೆ ತಂದ ಸಾಲ ಅದೇ ವರ್ಷದ ಬೆಳೆಯಿಂದ ತೀರಬೇಕು. ಹೊಸ ಅಡಿಕೆ ತೋಟ ಎಬ್ಬಿಸಲು ತಂದ ಸಾಲಕ್ಕೆ ಮರ ಫಲ ಕೊಡುವ ತನಕ ವಾಯಿದೆ ಇರುತ್ತದೆ. ದೀರ್ಘಾವಧಿ ಸಾಲ ತಂದು ಮನೆ ಖರ್ಚಿಗೆ ಬಳಸಿದವನು ಸುಸ್ತಿದಾರನಾಗುತ್ತಾನೆ. ಸಸಿ ನೆಟ್ಟು, ಬೇಲಿ ಕಟ್ಟಲು ಹಣ ಸಾಲದೆ ಅರ್ಧಕ್ಕೇ ಬಿಟ್ಟವನೂ ಸುಸ್ತಿದಾರನಾಗುತ್ತಾನೆ. ಬಡ್ಡಿಯಂತೂ ಇಬ್ಬರ ಮೇಲೂ ಒಂದೇ ಸಮನೆ ಏರುತ್ತದೆ. ಸರ್ಕಾರಕ್ಕೂ ಈ ಎರಡು ದಾರಿಗಳಿಂದ ಕಷ್ಟ ಬರುತ್ತದೆ. ನಮ್ಮ ಕಾನೂನು ಮೊದಲನೆಯದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಎರಡನೆಯದನ್ನು ಅದು ನೋಡುವುದೇ ಇಲ್ಲ ಎಂಬುದು ಈ ಲೇಖನದ ಮುಖ್ಯ ಮಾತು.

ಬೆಟ್ಟದ ನೀರು, ಬಯಲಿನ ಊರು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಗೌರಸಮುದ್ರವೆಂಬ ಊರಿದೆ. ಅಲ್ಲಿನ ಮಾರಮ್ಮನ ಜಾತ್ರೆಗೆ ನಮ್ಮ ರಾಜ್ಯದಿಂದಷ್ಟೇ ಅಲ್ಲ, ಆಂಧ್ರದಿಂದಲೂ ಜನ ಬರುತ್ತಾರೆ. ನಮ್ಮ ಹಿರಿಯರು ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆಯುತ್ತಿದ್ದರು. ಹೆಸರಿನಲ್ಲಿ ಸಮುದ್ರವಿರುವ ಊರುಗಳು ಬಯಲುಸೀಮೆಯಲ್ಲಿ ಬಹಳ. ಆದರೆ ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದ್ದು. ಶೇಂಗಾ ಬಿತ್ತಿ ಆಕಾಶ ನೋಡುವುದು ಅಲ್ಲಿನ ರೈತರ ಬಾಳು. ಶೇಂಗಾದಿಂದಲೇ ಚಳ್ಳಕೆರೆಯ ಎಣ್ಣೆ ಗಾಣಗಳು ಹೆಸರು ಮಾಡಿದವು. ಮಳೆ ಕೈಕೊಟ್ಟ ವರ್ಷ ಗಾಣವೂ ನಿಂತಿತು.

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಆ ಊರಿನ ಮಾತೇಕೆ ಎಂದು ಕೆಲವರು ಕೇಳಬಹುದು. ಅಲ್ಲಿಗೆ ಹೋಗಬೇಕಾದ ನೀರು ನಮ್ಮ ಬೆಟ್ಟಗಳದು. ಭದ್ರಾ ಮೇಲ್ದಂಡೆ ಯೋಜನೆಯ ಪ್ರಕಾರ ತುಂಗಾ ನದಿಯಿಂದ 17.40 ಟಿ.ಎಂ.ಸಿ. ನೀರನ್ನು ಭದ್ರಾ ಜಲಾಶಯಕ್ಕೆ ಎತ್ತಬೇಕು. ಭದ್ರೆಯಿಂದ 29.90 ಟಿ.ಎಂ.ಸಿ. ನೀರನ್ನು ಅಜ್ಜಂಪುರದ ಬಳಿಯ ಸುರಂಗದ ಮೂಲಕ ಬಯಲುಸೀಮೆಗೆ ಹರಿಸಬೇಕು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್ ಭೂಮಿಗೆ ಹನಿ ನೀರಾವರಿ, 367 ಕೆರೆಗಳಿಗೆ ನೀರು, ಇದು ಉದ್ದೇಶ.

ಈ ಯೋಜನೆಯ ಅಂದಾಜು ವೆಚ್ಚ 2008ರಲ್ಲಿ ರೂ. 5,985 ಕೋಟಿ. 2015ರಲ್ಲಿ ಅದು ರೂ. 12,340 ಕೋಟಿಯಾಯಿತು. 2020ರಲ್ಲಿ ರೂ. 21,473 ಕೋಟಿಗೆ ಏರಿತು. ಈ ಏರಿಕೆಯೆಲ್ಲ ತಡದಿಂದಲೇ ಆದದ್ದೆಂದು ನಾವು ಹೇಳುವುದಿಲ್ಲ. ಯೋಜನೆಯ ವ್ಯಾಪ್ತಿ ಹಿಗ್ಗಿತು, ಹನಿ ನೀರಾವರಿ ಸೇರಿತು, ಭೂಮಿಯ ಪರಿಹಾರ ಹೆಚ್ಚಿತು. ಆದರೆ ಕಬ್ಬಿಣ, ಸಿಮೆಂಟು, ಕೂಲಿ ಯಾವುದೂ ಕಾಲುವೆಗಾಗಿ ಕಾದು ನಿಲ್ಲುವುದಿಲ್ಲ. ತಡವಾದಷ್ಟೂ ಬೆಲೆ ಏರುತ್ತದೆ. ಕೇಂದ್ರ ಸರ್ಕಾರವು 2023ರ ಫೆಬ್ರವರಿ 1ರ ಆಯವ್ಯಯದಲ್ಲಿ ಈ ಯೋಜನೆಗೆ ರೂ. 5,300 ಕೋಟಿ ನೆರವು ಘೋಷಿಸಿತು. ಆ ಹಣ ಬರಲಿಲ್ಲವೆಂದು ರಾಜ್ಯ ಸರ್ಕಾರ 2024ರಲ್ಲಿಯೂ 2025ರಲ್ಲಿಯೂ ದೂರಿತು. ಯಾರ ಮಾತು ಎಷ್ಟು ಸರಿ ಎಂದು ಪಕ್ಷಗಳು ವಾದಿಸಲಿ. ಶೇಂಗಾ ಹೊಲದ ರೈತನಿಗಂತೂ ಆ ವಾದದಿಂದ ಒಂದು ಬಿಂದಿಗೆ ನೀರೂ ಸಿಗುವುದಿಲ್ಲ.

ಕಾನೂನು ಏನು ಹೇಳುತ್ತದೆ

ಸರ್ಕಾರದ ಸಾಲಕ್ಕೆ ಕಾನೂನಿನ ಕಟ್ಟು ಹಾಕಿದ ಮೊದಲ ರಾಜ್ಯ ನಮ್ಮದೇ ಎಂಬುದು ಅನೇಕರಿಗೆ ತಿಳಿದಿರಲಾರದು. ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಅಧಿನಿಯಮ 2002ರಲ್ಲಿ ಬಂದಿತು. ಕೇಂದ್ರದ ಇಂಥದೇ ಕಾನೂನು 2003ರದು. ನಮ್ಮ ಕಾನೂನಿನ ತಿರುಳು ಮೂರು ಮಾತು. ದಿನನಿತ್ಯದ ವೆಚ್ಚ ಆದಾಯವನ್ನು ಮೀರಬಾರದು. ಅಂದರೆ ರಾಜಸ್ವ ಕೊರತೆ ಇರಕೂಡದು. ಒಟ್ಟು ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ. 3ನ್ನು ದಾಟಬಾರದು. ಒಟ್ಟು ಹೊಣೆಗಾರಿಕೆ ಶೇ. 25ರೊಳಗಿರಬೇಕು.

ಈ ಕಾನೂನಿನಿಂದ ಒಳಿತಾಯಿತೆಂಬುದನ್ನು ಒಪ್ಪಲೇಬೇಕು. 2004-05ರಿಂದ ಬಹುಕಾಲ ರಾಜ್ಯದ ರಾಜಸ್ವ ಲೆಕ್ಕದಲ್ಲಿ ಉಳಿತಾಯವಿತ್ತು. ಕೋವಿಡ್ ಬಂದ 2020-21ರಲ್ಲಿ ವಿತ್ತೀಯ ಕೊರತೆಯ ಮಿತಿಯನ್ನು ತಿದ್ದುಪಡಿಯಿಂದ ಶೇ. 5ಕ್ಕೆ ಏರಿಸಲಾಯಿತು. ಆಪತ್ತಿಗೆ ಸಾಲ ತರುವುದು ನ್ಯಾಯವೇ. ಆಪತ್ತು ಕಳೆದ ಮೇಲೆ ಏನಾಯಿತೆಂಬುದನ್ನು ನೋಡೋಣ.

2025-26ರ ಆಯವ್ಯಯದ ಅಂದಾಜು ಹೀಗಿತ್ತು. ಒಟ್ಟು ಗಾತ್ರ ರೂ. 4,09,549 ಕೋಟಿ. ಹೊಸ ಸಾಲ ರೂ. 1,16,000 ಕೋಟಿ. ವಿತ್ತೀಯ ಕೊರತೆ ಶೇ. 2.95. ಒಟ್ಟು ಹೊಣೆಗಾರಿಕೆ ರೂ. 7,64,655 ಕೋಟಿ, ಅಂದರೆ ಶೇ. 24.91. ಗಡಿ ಶೇ. 25, ನಾವು ನಿಂತದ್ದು ಗಡಿಕಲ್ಲಿನ ಪಕ್ಕದಲ್ಲಿ. ಆ ಹೊಸ ಸಾಲಕ್ಕೆ ಸಮನಾಗಿ ನಿಂತ ಖರ್ಚುಗಳೆಂದರೆ, ಹಳೆಯ ಸಾಲದ ಅಸಲು ತೀರಿಸಲು ರೂ. 26,474 ಕೋಟಿ, ರಾಜಸ್ವ ಕೊರತೆ ತುಂಬಲು ರೂ. 19,262 ಕೋಟಿ, ಬಂಡವಾಳ ವೆಚ್ಚಕ್ಕೆ ರೂ. 71,336 ಕೋಟಿ. ಅಂದರೆ ಹೊಸ ಸಾಲದ ಆರರಲ್ಲಿ ಒಂದು ಪಾಲಿನಷ್ಟು ಹಣ ಮನೆ ಖರ್ಚಿನ ತೂತು ಮುಚ್ಚಲು ಹೋಗುವ ಅಂದಾಜು. ಕಾನೂನಿನ ಎರಡು ಮಾತು ಉಳಿದವು. ಅತಿ ಮುಖ್ಯವಾದ ಮೊದಲನೆಯ ಮಾತು ಮುರಿಯಿತು.

ಅದೇ ವರ್ಷ ಗ್ಯಾರಂಟಿ ಯೋಜನೆಗಳಿಗೆ ಇಟ್ಟದ್ದು ರೂ. 51,034 ಕೋಟಿ. ಅದು ದಂಡವೆಂದು ನಾವು ಹೇಳುವವರಲ್ಲ. ತೋಟದ ಕೆಲಸಕ್ಕೆ ಬಸ್ಸಿನಲ್ಲಿ ಬರುವ ಹೆಣ್ಣುಮಗಳ ಕೈಯಲ್ಲಿ ನಾಲ್ಕು ಕಾಸು ಉಳಿದರೆ ಅದು ಅವಳ ಮಕ್ಕಳ ಹೊಟ್ಟೆಗೆ ಹೋಗುತ್ತದೆ. ಆದರೆ ಈ ವರ್ಷ ಉಣ್ಣುವ ಅನ್ನಕ್ಕೆ ಈ ವರ್ಷದ ತೆರಿಗೆಯಿಂದಲೇ ಹಣ ಬರಬೇಕು. ಹತ್ತು ವರ್ಷದ ಸಾಲ ತಂದು ಈ ವರ್ಷದ ಅನ್ನ ಬೇಯಿಸಿದರೆ, ಮುಂದಿನ ಮಕ್ಕಳು ತಾವು ಉಣ್ಣದ ಊಟಕ್ಕೆ ಬಡ್ಡಿ ಕಟ್ಟಬೇಕಾಗುತ್ತದೆ.

ಕತ್ತರಿ ಬೀಳುವುದು ಎಲ್ಲಿ

ಮಿತಿ ಹತ್ತಿರ ಬಂದಾಗ ಸರ್ಕಾರ ಯಾವುದನ್ನು ಕಡಿಮೆ ಮಾಡುತ್ತದೆ? ಸಂಬಳ ನಿಲ್ಲಿಸುವಂತಿಲ್ಲ. ನಿವೃತ್ತಿ ವೇತನ ನಿಲ್ಲಿಸುವಂತಿಲ್ಲ. ಬಡ್ಡಿ ಕಟ್ಟದೆ ಇರುವಂತಿಲ್ಲ. ಚುನಾವಣೆಯಲ್ಲಿ ಕೊಟ್ಟ ಮಾತನ್ನು ಬಿಡಲು ಯಾರಿಗೂ ಧೈರ್ಯವಿಲ್ಲ. ಕೊನೆಗೆ ಕತ್ತರಿಗೆ ಸಿಗುವುದು ಕಾಲುವೆ, ರಸ್ತೆ, ಶಾಲೆಯ ಕಟ್ಟಡ. ಅರ್ಧ ತೋಡಿದ ಕಾಲುವೆ ಮುಷ್ಕರ ಹೂಡುವುದಿಲ್ಲ, ವಿಧಾನಸೌಧಕ್ಕೆ ಮುತ್ತಿಗೆ ಹಾಕುವುದಿಲ್ಲ. ಒಂದು ವರ್ಷ ಮುಂದೂಡಿದರೆ ಆ ವರ್ಷದ ಲೆಕ್ಕ ಮಿತಿಯೊಳಗೆ ಚೆಂದ ಕಾಣುತ್ತದೆ.

ಆದರೆ ಆವರೆಗೆ ಹಾಕಿದ ಹಣದ ಬಡ್ಡಿ ನಿಲ್ಲಲಿಲ್ಲ. ಶೇ. 7ರ ಚಕ್ರಬಡ್ಡಿಯಲ್ಲಿ ನೂರು ರೂಪಾಯಿ ಹತ್ತು ವರ್ಷಕ್ಕೆ ಸುಮಾರು 197 ರೂಪಾಯಿಯಾಗುತ್ತದೆ. ಸಾಲದ ಹಣ ಹೂತ ಕಾಲುವೆಯಲ್ಲಿ ಹತ್ತು ವರ್ಷ ನೀರು ಹರಿಯದಿದ್ದರೆ, ಒಂದೇ ಕಾಲುವೆಗೆ ಎರಡು ಕಾಲುವೆಯ ಹಣ ಸಂದಂತಾಯಿತು. ಆ ಹತ್ತು ವರ್ಷ ಹೊಲ ಒಣಗಿಯೇ ಇತ್ತು, ಗಾಣಕ್ಕೆ ಕಾಯಿ ಬರಲಿಲ್ಲ, ತೆರಿಗೆಯೂ ಬರಲಿಲ್ಲ. ಈ ನಷ್ಟವನ್ನು ಬರೆಯಲು ವಿತ್ತೀಯ ಹೊಣೆಗಾರಿಕೆಯ ಪಟ್ಟಿಯಲ್ಲಿ ಕಲಮೇ ಇಲ್ಲ.

ದೂರದ ಜರ್ಮನಿಯಲ್ಲೂ ಇದೇ ಪಾಠ. ಆ ದೇಶ 2009ರಲ್ಲಿ ಸಾಲದ ಮಿತಿಯನ್ನು ತನ್ನ ಸಂವಿಧಾನದಲ್ಲೇ ಬರೆದುಕೊಂಡಿತು. ಸಾಮಾನ್ಯ ಕಾಲದಲ್ಲಿ ಕೇಂದ್ರ ಸರ್ಕಾರದ ಕೊರತೆ ರಾಷ್ಟ್ರೀಯ ಉತ್ಪನ್ನದ ಶೇ. 0.35ನ್ನು ಮೀರಬಾರದೆಂದು ಕಟ್ಟು ಮಾಡಿತು. ಸಾಲವೇನೋ ಹಿಡಿತಕ್ಕೆ ಬಂತು. ಆದರೆ ರೈಲು ಮಾರ್ಗಗಳು, ಹೆದ್ದಾರಿಯ ಸೇತುವೆಗಳು ಹಳತಾಗಿ ದುರಸ್ತಿಗೆ ಕಾದವು. ಕೊನೆಗೆ 2025ರ ಮಾರ್ಚ್‌ನಲ್ಲಿ ಸಂವಿಧಾನ ತಿದ್ದಿ, ಇಂಥ ಕೆಲಸಗಳಿಗೆಂದೇ ಮಿತಿಯ ಹೊರಗೆ 50,000 ಕೋಟಿ ಯೂರೋ ಸಾಲಕ್ಕೆ ದಾರಿ ಮಾಡಿಕೊಳ್ಳಬೇಕಾಯಿತು. ಮುಂದೂಡಿದ ದುರಸ್ತಿಯೂ ಒಂದು ಸಾಲವೇ ಎಂಬುದನ್ನು ಅವರು ಹದಿನಾರು ವರ್ಷದ ಮೇಲೆ ಒಪ್ಪಿಕೊಂಡರು.

ಹಾಗಾದರೆ ಎಷ್ಟು ಬೇಕಾದರೂ ಸಾಲ ಮಾಡಬಹುದೇ? ಖಂಡಿತ ಇಲ್ಲ. ಪಂಜಾಬಿನ ಸಾಲ ಅದರ ಉತ್ಪನ್ನದ ಶೇ. 40ನ್ನು ಮೀರಿದೆ. ಬಡ್ಡಿಗೇ ಬಹಳಷ್ಟು ಹಣ ಸುರಿದು, ಹೊಸ ಕೆಲಸಕ್ಕೆ ಅಲ್ಲಿ ಕೈ ಬಿಗಿಯಾಗಿದೆ. ಆದರೆ ಇಂತಿಷ್ಟು ಶೇಕಡಾ ದಾಟಿದೊಡನೆ ಬೆಳವಣಿಗೆ ಕುಸಿಯುತ್ತದೆಂಬ ಮಂತ್ರಸಂಖ್ಯೆಯೂ ಇಲ್ಲ. 2010ರಲ್ಲಿ ರೈನ್‌ಹಾರ್ಟ್ ಮತ್ತು ರೊಗಾಫ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ದೇಶದ ಸಾಲ ಶೇ. 90 ದಾಟಿದರೆ ಬೆಳವಣಿಗೆ ನಿಂತೇಹೋಗುತ್ತದೆಂಬ ಅರ್ಥ ಬರುವ ಲೆಕ್ಕ ಮುಂದಿಟ್ಟರು. 2013ರಲ್ಲಿ ಅಮೆರಿಕದ ಒಬ್ಬ ವಿದ್ಯಾರ್ಥಿ ಆ ಲೆಕ್ಕದ ಹಾಳೆಯಲ್ಲೇ ಕೆಲವು ದೇಶಗಳು ಬಿಟ್ಟುಹೋಗಿದ್ದನ್ನು ಹಿಡಿದ. ತಿದ್ದಿ ನೋಡಿದಾಗ ಬೆಳವಣಿಗೆ ಕಡಿಮೆಯಾಗುತ್ತಿತ್ತೇ ಹೊರತು ನಿಂತಿರಲಿಲ್ಲ.

ಇಲ್ಲಿರುವ ಗುಟ್ಟು ಸರಳ. ರಾಜ್ಯದ ಉತ್ಪನ್ನ ಸಾಲದ ಬಡ್ಡಿಗಿಂತ ವೇಗವಾಗಿ ಬೆಳೆದರೆ ಹಳೆಯ ಸಾಲದ ಭಾರ ತಾನೇ ಹಗುರವಾಗುತ್ತದೆ. ಬಡ್ಡಿ ವೇಗವಾಗಿ ಬೆಳೆದರೆ ಭಾರ ಏರುತ್ತದೆ. ಆದುದರಿಂದ ಉತ್ಪನ್ನ ಹೆಚ್ಚಿಸುವ ಸಾಲವೂ ಹೆಚ್ಚಿಸದ ಸಾಲವೂ ಒಂದೇ ಅಲ್ಲ. ಚಳ್ಳಕೆರೆಯ ಹೊಲಕ್ಕೆ ನೀರು ಬಂದರೆ ಸಾಲದ ಲೆಕ್ಕದಲ್ಲಿ ಭಾಗಿಸುವ ಸಂಖ್ಯೆಯೇ ದೊಡ್ಡದಾಗುತ್ತದೆ.

ಹಿಂದೆ ಮೈಸೂರು ಮಾಡಿದ್ದು

ಇದಕ್ಕೆ ಹೊರದೇಶದ ಸಾಕ್ಷಿಯೇ ಬೇಕಾಗಿಲ್ಲ. 1876ರಿಂದ 1878ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಸುಮಾರು ಹತ್ತು ಲಕ್ಷ ಜನ ಅಳಿದರು. 1881ರಲ್ಲಿ ಬ್ರಿಟಿಷರು ಒಡೆಯರ ಕೈಗೆ ಆಡಳಿತ ಒಪ್ಪಿಸಿದಾಗ ಸಂಸ್ಥಾನದ ತಲೆಯ ಮೇಲೆ 80 ಲಕ್ಷ ರೂಪಾಯಿ ಕ್ಷಾಮದ ಸಾಲವಿತ್ತು. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ದಿವಾನ್ ರಂಗಾಚಾರ್ಲು, ಅವರ ನಂತರ ಶೇಷಾದ್ರಿ ಅಯ್ಯರ್ ಆಡಳಿತದ ಖರ್ಚನ್ನು ಬಿಗಿ ಹಿಡಿದರು. ಆದರೆ ರೈಲನ್ನು, ಕೆರೆ ಕಾಲುವೆಯನ್ನು ಬಿಡಲಿಲ್ಲ. ವೇದಾವತಿಗೆ ಮಾರಿಕಣಿವೆಯಲ್ಲಿ 1898ರಲ್ಲಿ ಆರಂಭವಾದ ಅಣೆಕಟ್ಟು 1907ರಲ್ಲಿ ಮುಗಿಯಿತು. ಯಂತ್ರಗಳು ವಿರಳವಾಗಿದ್ದ ಆ ಕಾಲದಲ್ಲಿ ಒಂಬತ್ತೇ ವರ್ಷ. ಆ ವಾಣಿವಿಲಾಸ ಸಾಗರ ಇಂದಿಗೂ ಚಿತ್ರದುರ್ಗ ಜಿಲ್ಲೆಯ ಜೀವ.

1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಕಂಡದ್ದು 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿ. ಒಳ್ಳೆಯ ಮಳೆಯ ಜೊತೆಗೆ 2019ರಿಂದ ಭದ್ರಾ ಮೇಲ್ದಂಡೆಯ ಮುಗಿದ ಭಾಗದಿಂದ ಅಲ್ಲಿಗೆ ನೀರು ಹರಿದದ್ದೂ ಇದಕ್ಕೆ ಕಾರಣ. ಮುಗಿದಷ್ಟು ಕೆಲಸ ಫಲ ಕೊಟ್ಟಿದೆಯೆಂಬುದಕ್ಕೆ ಬೇರೆ ರುಜುವಾತು ಬೇಡ. ಉಳಿದದ್ದು ಮುಗಿಯಬೇಕು.

ಲೆಕ್ಕದ ಇನ್ನೆರಡು ತೊಡಕು

ಒಂದು, ನಿಗಮಗಳ ಸಾಲ. ಆಲಮಟ್ಟಿಯ ಕೆಲಸಕ್ಕೆಂದು 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಸ್ಥಾಪಿಸಿ, ಸರ್ಕಾರದ ಖಾತರಿಯ ಮೇಲೆ ಬಾಂಡುಗಳ ಮೂಲಕ ಹಣ ಎತ್ತಲಾಯಿತು. ಕೃಷ್ಣಾ ನ್ಯಾಯಮಂಡಳಿಯ ತೀರ್ಪಿನ ಗಡುವು 2000ದ ಮೇ ತಿಂಗಳಿಗಿದ್ದುದರಿಂದ ಆ ಅವಸರಕ್ಕೆ ಅರ್ಥವಿತ್ತು. ಆದರೆ ಆಯವ್ಯಯದಲ್ಲಿ ಕಾಣದ ಸಾಲವೂ ತೀರಿಸಬೇಕಾದ ಸಾಲವೇ. 2014ರ ತಿದ್ದುಪಡಿಯಿಂದ ರಾಜ್ಯವು ಇಂಥ ಸಾಲವನ್ನು ಒಟ್ಟು ಹೊಣೆಗಾರಿಕೆಗೆ ಸೇರಿಸಿತು. 2022ರಿಂದ ಕೇಂದ್ರವೂ ರಾಜ್ಯಗಳ ಸಾಲದ ಮಿತಿಯಲ್ಲಿ ಇದನ್ನು ಹಿಡಿಯತೊಡಗಿತು. ಇದು ಸರಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ನಮ್ಮ ಕಸುಬಿನಿಂದಲೇ ಹುಟ್ಟಿದ್ದು. ಸಾಲ ಬಚ್ಚಿಟ್ಟು ನಂಬಿಕೆ ಕಳೆದುಕೊಂಡ ಸರ್ಕಾರಕ್ಕೂ ಆ ಗಾದೆ ಸಲ್ಲುತ್ತದೆ.

ಎರಡು, ದಿನನಿತ್ಯದ ಖರ್ಚು, ಬಂಡವಾಳ ಖರ್ಚು ಎಂಬ ವಿಂಗಡಣೆಯೇ ಎಲ್ಲೆಡೆ ಸರಿಹೊಂದುವುದಿಲ್ಲ. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ತೆರೆಯಿತು. ಅಲ್ಲಿಂದ ಬಂದ ಎಸ್. 795 ತಳಿ ನಮ್ಮ ಎಷ್ಟೋ ಅರೇಬಿಕಾ ತೋಟಗಳನ್ನು ತುಂಬಿದೆ. ಆ ವಿಜ್ಞಾನಿಗಳ ಸಂಬಳ ಲೆಕ್ಕದ ಭಾಷೆಯಲ್ಲಿ ದಿನನಿತ್ಯದ ಖರ್ಚು. ಬೀಗ ಹಾಕಿ ಬಿಟ್ಟ ಸರ್ಕಾರಿ ಕಟ್ಟಡ ಅದೇ ಭಾಷೆಯಲ್ಲಿ ಬಂಡವಾಳ. ಅಡಿಕೆಯ ಎಲೆಚುಕ್ಕಿ ರೋಗಕ್ಕೆ, ಹಳದಿ ಎಲೆ ರೋಗಕ್ಕೆ ಮದ್ದು ಹುಡುಕುವ ಹುದ್ದೆ ಖಾಲಿ ಬಿದ್ದರೆ ರಾಜಸ್ವ ಕೊರತೆ ಇಳಿಯುತ್ತದೆ, ತೋಟ ಅಳಿಯುತ್ತದೆ. ಆದ್ದರಿಂದ ಖರ್ಚಿನ ಹೆಸರಿಗಿಂತ ಅದರ ಫಲ ಎಷ್ಟು ಕಾಲ ಬಾಳುತ್ತದೆಂಬುದನ್ನು ನೋಡಬೇಕು.

ನಮ್ಮ ಹಿತ ಯಾವುದು

ಬಯಲುಸೀಮೆಗೆ ನೀರು ಹೋದರೆ ಅಲ್ಲೂ ಅಡಿಕೆ ಎದ್ದು ನಮ್ಮ ಧಾರಣೆ ಬೀಳುತ್ತದೆ, ತೋಟದ ಕೆಲಸಕ್ಕೆ ಬರುವ ಆಳುಗಳೂ ಸಿಗುವುದಿಲ್ಲ ಎಂಬ ಮಾತು ನಮ್ಮ ಸದಸ್ಯರಲ್ಲಿಯೇ ಇದೆ. ಈ ಅಂಜಿಕೆಯನ್ನು ತಳ್ಳಿಹಾಕಬಾರದು, ಅದಕ್ಕೆ ಉತ್ತರ ಕೊಡಬೇಕು. ಕಾಲುವೆ ಬಾರದೆಯೇ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆ ಕೊಳವೆ ಬಾವಿಯಿಂದ ಅಡಿಕೆ ಎದ್ದಿದೆ. ಅದನ್ನು ಕಾಲುವೆಯ ತಡ ನಿಲ್ಲಿಸಲಿಲ್ಲ. ಯೋಜನೆ ಹನಿ ನೀರಾವರಿಯದು. ಶೇಂಗಾ, ಈರುಳ್ಳಿ, ರಾಗಿಯಂಥ ಬೆಳೆಗೆ ಹೊಂದುವಂಥದು. ನೀರಿನ ಹಂಚಿಕೆ ಆ ಶಿಸ್ತಿನಲ್ಲೇ ನಡೆಯಲಿ ಎಂದು ಕೇಳುವ ಹಕ್ಕು ನಮಗುಂಟು. ನೆರೆಯವನ ಬಡತನದಿಂದಲೇ ನಮಗೆ ಆಳು ಸಿಗಬೇಕೆಂದು ಬಯಸುವುದು ಸಹಕಾರಿಗಳಿಗೆ ಒಪ್ಪುವ ಮಾತಲ್ಲ. ಅಡಿಕೆ ಧಾರಣೆ ಕುಸಿದಾಗ 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಕರ್ನಾಟಕ, ಕೇರಳ ಎಂಬ ಗಡಿಯನ್ನು ದಾಟಿ ಬೆಳೆಗಾರರು ಒಟ್ಟಾದದ್ದರಿಂದಲ್ಲವೇ?

ನಮ್ಮ ಬೇಡಿಕೆಗಳಿಗೂ ಇದೇ ಒರೆಗಲ್ಲು ಇರಲಿ. ಕಾಫಿ ಬೆಳೆಗಾರರಿಗೆ 2010ರಲ್ಲಿ ಕೇಂದ್ರದ ಸಾಲ ಪರಿಹಾರ ಬಂದಿತು. 2018ರಲ್ಲಿ ರಾಜ್ಯವು ರೈತರ ಸಾಲ ಮನ್ನಾ ಘೋಷಿಸಿತು. ಬೆಲೆ ಕುಸಿದು ನೆಲ ಕಚ್ಚಿದವನನ್ನು ಎತ್ತುವುದು ಸರ್ಕಾರದ ಧರ್ಮ. ಆದರೆ ಮನ್ನಾ ಹಣ ಒಮ್ಮೆ ಬಂದು ಹೋಗುತ್ತದೆ. ರೋಗಕ್ಕೆ ಮದ್ದು, ತೋಟದ ರಸ್ತೆ, ಮುಗಿದ ಕಾಲುವೆ ಇವು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತವೆ. ಖಜಾನೆಯಲ್ಲಿರುವುದು ಒಂದೇ ಗಂಟು. ಮನವಿ ಪತ್ರದ ಮೊದಲ ಸಾಲಿನಲ್ಲಿ ಯಾವುದನ್ನು ಬರೆಯುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ.

ಆದುದರಿಂದ ಸದಸ್ಯ ಬಾಂಧವರ ಮುಂದೆ ನಾವು ಐದು ಮಾತುಗಳನ್ನು ಇಡುತ್ತೇವೆ. ಶೇ. 25ರ ಮಿತಿ ಉಳಿಯಲಿ. ರಾಜಸ್ವ ಕೊರತೆಯನ್ನು ಹೊಸ ಸಾಲದಿಂದ ತುಂಬುವ ಪರಿಪಾಠ ನಿಲ್ಲಲಿ. ಸಾಲದಿಂದ ನಡೆಯುವ ಪ್ರತಿ ದೊಡ್ಡ ಕಾಮಗಾರಿಗೂ ಮುಗಿಯುವ ಗಡುವನ್ನು ಆಯವ್ಯಯದಲ್ಲೇ ನಮೂದಿಸಿ, ತಡವಾದರೆ ಕಾರಣವನ್ನೂ ಏರಿದ ವೆಚ್ಚವನ್ನೂ ಮರುವರ್ಷ ಸದನದ ಮುಂದೆ ಇಡಲಿ. ಹಿಡಿದ ಕೆಲಸ ಮುಗಿಯುವ ಮೊದಲು ಹೊಸ ಶಂಕುಸ್ಥಾಪನೆಗಳು ಕಡಿಮೆಯಾಗಲಿ. ಕೇಂದ್ರವು ಘೋಷಿಸಿದ ನೆರವಿಗೂ ಬಿಡುಗಡೆಯ ದಿನಾಂಕವಿರಲಿ.

ಸಂಘದಲ್ಲಿ ಸಾಲ ಮಂಜೂರು ಮಾಡುವಾಗ ಮೊತ್ತವನ್ನಷ್ಟೇ ನೋಡಿ ನಾವು ರುಜು ಹಾಕುವುದಿಲ್ಲ. ಉದ್ದೇಶ ಕೇಳುತ್ತೇವೆ, ತೋಟಕ್ಕೆ ಹೋಗಿ ಕೆಲಸ ಎಲ್ಲಿಯವರೆಗೆ ಬಂತೆಂದು ನೋಡಿ ಮುಂದಿನ ಕಂತು ಕೊಡುತ್ತೇವೆ. ಏಳೂವರೆ ಲಕ್ಷ ಕೋಟಿ ರೂಪಾಯಿಯ ಸಾಲಗಾರನಿಗೂ ಅದೇ ಪ್ರಶ್ನೆಗಳನ್ನು ಕೇಳಲು ನಾವು ಹಿಂಜರಿಯಬೇಕಾಗಿಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದು, ಸಭೆ ಒಪ್ಪುವುದಾದರೆ ನಿರ್ಣಯವಾಗಿ ಸರ್ಕಾರಕ್ಕೆ ಹೋಗಲೆಂದು ಬಯಸುತ್ತೇವೆ. ಭಿನ್ನಾಭಿಪ್ರಾಯವುಳ್ಳ ಸದಸ್ಯರು ಬರೆದು ತಿಳಿಸಿದರೆ ಅದಕ್ಕೂ ಈ ಪತ್ರಿಕೆಯಲ್ಲಿ ಸ್ಥಳವುಂಟು.